ಸೀಸನಲ್ ಪ್ರೈಸ್ ಅಂತೆ, ಯಾವ ಸೀಸನ್ ಮಾರಾಯ್ರೆ?

ಮೊನ್ನೆ ಶನಿವಾರ ರಾತ್ರಿ ಒಂದು ಮೀನಿಗೆ 76 ಡಾಲರ್ 50 ಸೆಂಟ್ ಕೊಟ್ಟು ಬಂದಿದ್ದೇನೆ. ಮೀನು ಆವತ್ತೇ ಅರಗಿತು, ಬಿಲ್ಲು ಇನ್ನೂ ಅರಗಿಲ್ಲ. ಮನೆಯಲ್ಲಿ ಹೇಳಿ ಹೇಳಿ ಎಲ್ಲರೂ ಎದ್ದು ಹೋಗುವ ಹಾಗಾಗಿದೆ, ಅದಕ್ಕೇ ಇಲ್ಲಿ ಬರೀತಿದ್ದೇನೆ.

ಸಿಂಗಾಪುರದಲ್ಲಿ ಇರುವವರಿಗೆ ಝೀ ಚಾರ್ ಅಂದ್ರೆ ಏನೂಂತ ಹೇಳಬೇಕಾಗಿಲ್ಲ. ಊರಲ್ಲಿ ಕೂತು ಓದುವವರಿಗೆ ಹೇಳ್ತೇನೆ. ಇಲ್ಲಿ ಎಚ್‌ಡಿಬಿ ಅನ್ನುವ ಸರ್ಕಾರಿ ವಸತಿ ಬ್ಲಾಕುಗಳ ಬುಡದಲ್ಲಿ ಕಾಫಿ ಶಾಪ್ ಇರ್ತದೆ. ನಾಲ್ಕು ದಿಕ್ಕಿಗೂ ಬಯಲು, ಮೇಲೆ ಫ್ಯಾನು, ಪ್ಲಾಸ್ಟಿಕ್ ಕುರ್ಚಿ, ದುಂಡು ಮೇಜು. ಅದರ ಹಿಂದಿನ ಮೂಲೆಯಲ್ಲಿ ಕಮ್ಮಾರನ ಕುಲುಮೆಯ ಹಾಗೆ ಭರ್ರೋ ಅಂತ ಬೆಂಕಿ ಉರೀತಾ ಇದ್ರೆ ಅದೇ ಝೀ ಚಾರ್ ಅಂಗಡಿ. ಹೊಕ್ಕಿಯನ್ ಅನ್ನುವ ಚೀನೀ ಮಾತಿನಲ್ಲಿ ಆ ಹೆಸರಿಗೆ ಬೇಯಿಸುವುದು, ಹುರಿಯುವುದು ಅಂತಷ್ಟೇ ಅರ್ಥ. ಚೀನೀಯರ ಮನೆಯಡುಗೆ. ಮನೆಮಂದಿ ಎಲ್ಲ ಹೋಗಿ ನಾಲ್ಕು ಪಲ್ಯ, ಒಂದು ಮೀನು, ಅನ್ನ ತರಿಸಿ ಹಂಚಿಕೊಂಡು ತಿನ್ನುವ ಜಾಗ. ಎಸಿ ಇಲ್ಲ, ಸರ್ವಿಸ್ ಚಾರ್ಜ್ ಇಲ್ಲ, ಜೇಬಿಗೆ ಹಗುರ. ಹಾಗಂತ ಹೆಸರು.

ಉಡುಪಿಯಿಂದ ಅಪ್ಪ ಅಮ್ಮ ಬಂದಿದ್ದರು. ಅಮ್ಮ ಮಲ್ಪೆಯ ಮೀನು ತಿಂದು ಬೆಳೆದವರು, ಹತ್ತು ದಿನದಿಂದ ನನ್ನ ಫ್ರೀಜರಿನ ಮೀನು ತಿಂದು ಮುಖ ಸಣ್ಣ ಮಾಡಿಕೊಂಡಿದ್ದರು. ಒಳ್ಳೆ ಮೀನು ತಿನ್ನಿಸುವ ಅಂತ ಕರ್ಕೊಂಡು ಹೋದೆ. ಸೀರಿಯಲ್ ಪ್ರಾನ್ ತರಿಸಿದೆ. ಬೆಣ್ಣೆಯಲ್ಲಿ ಹುರಿದ ಸೀರಿಯಲ್ ಪುಡಿ ಸಿಗಡಿಯ ಮೇಲೆ ಗುಡ್ಡೆ, ಅದರೊಳಗೆ ಗರಿಗರಿ ಎಲೆ. ಅಮ್ಮ ಒಂದು ಎಲೆ ಎತ್ತಿ ಮೂಸಿ, "ಇದು ಕರಿಬೇವಿನ ಸೊಪ್ಪು ಅಲ್ವಾ? ಇವರಿಗೆ ಯಾರು ಕಲಿಸಿದ್ದು?" ಅಂತ ಕೇಳಿದರು. ಬಿಸಿ ತಟ್ಟೆಯಲ್ಲಿ ಚುಂಯ್ ಅನ್ನುವ ತೋಫು, ಅದರಡಿ ಉಕ್ಕುವ ಮೊಟ್ಟೆ, ಅದೂ ಖುಷಿ. ಸಂಬಾಲ್ ಅನ್ನುವ ಮೆಣಸಿನ ಚಟ್ನಿ ಹಾಕಿದ ಕಾಂಗ್‌ಕಾಂಗ್ ಸೊಪ್ಪು, ಅದೂ ಖುಷಿ. ಅಡುಗೆಯ ಬಗ್ಗೆ ನನ್ನದು ಒಂದು ಮಾತಿನ ದೂರೂ ಇಲ್ಲ, ಆ ಕೈಗೆ ನಮಸ್ಕಾರ.

ತಕರಾರು ಮೀನಿನದ್ದು. ಮೆನುವಿನಲ್ಲಿ ತೋಫುವಿಗೆ ಕ್ರಯ ಉಂಟು, ಸೊಪ್ಪಿಗೆ ಉಂಟು, ಒಂದು ಬಟ್ಟಲು ಅನ್ನಕ್ಕೂ ಉಂಟು. ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಮೂರು ಕ್ರಯ. ಮೀನಿನ ಎದುರು ಮಾತ್ರ ಎರಡೇ ಅಕ್ಷರ, ಎಸ್. ಪಿ. ಸೀಸನಲ್ ಪ್ರೈಸ್.

ಆರ್ಡರ್ ಬರೆಯಲಿಕ್ಕೆ ಬಂದ ಆಂಟಿಯ ಚಾಲಾಕಿ ನೋಡಿ. ಮೀನು ಯಾವುದುಂಟು ಅಂತ ಕೇಳಿದ್ದಷ್ಟೇ. "ಸೂನ್ ಹಾಕ್, ವೆರಿ ಫ್ರೆಶ್. ಸ್ಟೀಮ್? ಹಾಂಗ್‌ಕಾಂಗ್ ಸ್ಟೈಲ್? ತಿಯೋಚ್ಯೂ ಸ್ಟೈಲ್?" ಅಂತ ಒಂದೇ ಉಸಿರಿಗೆ. ಕ್ರಯ ಕೇಳಬೇಕು ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಟೈಲ್ ಕೇಳಿ ಆಗಿರ್ತದೆ. ನಾವು ಸೋಯಾ ಸಾಸ್ ಶುಂಠಿಯದ್ದಾ, ಉಪ್ಪುಸೊಪ್ಪು ಟೊಮೆಟೊ ಹಾಕಿದ ಹುಳಿ ನೀರಿನದ್ದಾ ಅಂತ ಚರ್ಚೆಗೆ ಇಳೀತೇವೆ, ಅಲ್ಲಿಗೆ ಮೀನು ಖರೀದಿ ಆಗಿ ಹೋಯಿತು. ನಮ್ಮ ಮನೆಯವರು ಮೈಸೂರು ಕಡೆಯವರು, ಅವರಿಗೆ ಮೀನು ಅಂದ್ರೆ ಮುಳ್ಳು ಇರುವ ಒಂದು ಪದಾರ್ಥ, ಅಷ್ಟೇ. "ಓಕೆ ಓಕೆ, ತಿಯೋಚ್ಯೂ" ಅಂತ ತಲೆ ಆಡಿಸಿಬಿಟ್ಟರು. ಸೂನ್ ಹಾಕ್ ಅಂದ್ರೆ ಸಮುದ್ರದ ಮೀನು ಕೂಡ ಅಲ್ಲ, ಸಿಹಿನೀರಿನದ್ದು, ಇಲ್ಲಿನ ದುಬಾರಿ ಮೀನುಗಳಲ್ಲಿ ಒಂದು ಅಂತ ನನಗೂ ಆಮೇಲೇ ಗೊತ್ತಾದದ್ದು.

ಬಿಲ್ಲು ಬಂತು. 100 ಗ್ರಾಮಿಗೆ 9 ಡಾಲರ್, ಮೀನು 850 ಗ್ರಾಂ. ತೂಗಿದ್ದು ಒಳಗೆ, ಕಂಡದ್ದು ಯಾರು? ತಟ್ಟೆಗೆ ಬಂದ ಮೇಲೆ ಮೀನಿನ ತೂಕ ದೇವರಿಗೇ ಗೊತ್ತು.

ಈ 100 ಗ್ರಾಮಿನ ಲೆಕ್ಕ ಯಾರು ಕಂಡುಹಿಡಿದರೋ, ಅವರ ಹೊಟ್ಟೆ ತಣ್ಣಗಿರಲಿ. ಕೆಜಿಗೆ 90 ಅಂದಿದ್ರೆ ಎದ್ದು ಓಡ್ತಿದ್ದೆವು, ಒಂಬತ್ತು ಅಂದ್ರೆ ಕಿವಿಗೆ ಹಿತ. ಅದನ್ನಾದರೂ ಮೊದಲೇ ಹೇಳಬೇಕಲ್ಲ! 2023ರಲ್ಲಿ ಇಲ್ಲಿಗೆ ಬಂದ ಜಪಾನಿನ ಪ್ರವಾಸಿಯೊಬ್ಬರು ದೊಡ್ಡ ರೆಸ್ಟೋರೆಂಟಿನಲ್ಲಿ ಒಂದು ಅಲಾಸ್ಕನ್ ಏಡಿಗೆ 938 ಡಾಲರ್ ಬಿಲ್ಲು ನೋಡಿ ಪೊಲೀಸರನ್ನೇ ಕರೆಸಿದ್ದರು. ಅಲ್ಲಿಯೂ ಜಗಳ ಇದೇ 100 ಗ್ರಾಮಿನದ್ದು. 2009ರಲ್ಲಿ ನ್ಯೂಟನ್ ಫುಡ್ ಸೆಂಟರಿನಲ್ಲಿ ಅಮೆರಿಕದವರಿಗೆ ಎಂಟು ಟೈಗರ್ ಸಿಗಡಿಗೆ 239 ಡಾಲರ್ ಹಾಕಿ ದೊಡ್ಡ ಸುದ್ದಿಯಾಗಿ, ಆ ಅಂಗಡಿಯನ್ನು ಕೆಲ ಕಾಲ ಮುಚ್ಚಿಸಿದರು. ಇಂಥ ಸುದ್ದಿ ಓದಿದಾಗೆಲ್ಲ ನಾನು, ಪ್ರವಾಸಿಗರು ಕೇಳಿ ತಿನ್ನಬಾರದಾ, ನಾವಾದ್ರೆ ಹೀಗೆ ಬೀಳ್ತೇವಾ ಅಂದಿದ್ದೆ. ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇನೆ. ಬಿದ್ದೆ.

ಮೀನಿನ ಕ್ರಯ ದಿನಾ ಏರಿಳಿತದೆ, ನನಗೂ ಗೊತ್ತುಂಟು. ಈ ದೇಶ ತಿನ್ನುವುದರಲ್ಲಿ ನೂರಕ್ಕೆ ತೊಂಬತ್ತು ಪಾಲು ಹೊರಗಿಂದ ಬರುವಂಥದ್ದು. ಚೀನೀ ಹೊಸ ವರ್ಷ ಬಂತೂಂದ್ರೆ ಮಾಂಜಿಗೆ, ಅಂದ್ರೆ ಪಾಂಫ್ರೆಟ್ ಮೀನಿಗೆ, ಚಿನ್ನದ ಬೆಲೆ. ಊರಲ್ಲಿ ಏನು ಕಮ್ಮಿಯಾ? ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಆಗ ಬಂಗುಡೆಯನ್ನೂ ಮುಟ್ಟಲಿಕ್ಕಾಗುವುದಿಲ್ಲ. ಆದರೆ ಬುಟ್ಟಿ ಇಟ್ಟು ಕೂತ ಹೆಂಗಸು ಕ್ರಯ ಬಾಯಿಬಿಟ್ಟು ಹೇಳ್ತಾಳೆ. ಅಮ್ಮ ಕಿವಿರು ಎತ್ತಿ ಕೆಂಪು ನೋಡ್ತಾರೆ, ಹೊಟ್ಟೆ ಒತ್ತಿ ನೋಡ್ತಾರೆ, ಅವಳು ಬೈತಾಳೆ, ಇವರೂ ಬೈತಾರೆ, ಒಂದು ಲೆಕ್ಕಕ್ಕೆ ಬಂದು ಮುಟ್ಟುತ್ತದೆ. ನಮ್ಮ ಮಂಗಳೂರು ಕಡೆಯ ಹೋಟೆಲುಗಳೂ ಸಾಚಾ ಅಲ್ಲ ಬಿಡಿ, ಮೆನುವಿನಲ್ಲಿ ಎಪಿಎಸ್ ಅಂತ ಬರೆದಿರ್ತಾರೆ, ಆ್ಯಸ್ ಪರ್ ಸೈಜ್. ಆದರೆ ಮಸಾಲೆ ಮೆತ್ತಿದ ಅಂಜಲ್, ಕಾಣೆ, ಮಾಂಜಿಯ ತಟ್ಟೆಯನ್ನೇ ಮೇಜಿಗೆ ತಂದು ಹಿಡಿದು, ಇದು ಇಷ್ಟು, ಅದು ಅಷ್ಟು ಅಂತಾರೆ. ನೀವು ಬೆರಳು ತೋರಿಸಿದ್ದು ಕಾವಲಿಗೆ ಹೋಗ್ತದೆ. ಆಮೇಲೆ ಅತ್ತರೆ ತಪ್ಪು ನಿಮ್ಮದು.

ಇನ್ನು ನೆಲಗಡಲೆ. ಕೂತ ಕೂಡಲೇ ಒಂದು ಸಣ್ಣ ತಟ್ಟೆ ನೆಲಗಡಲೆ, ಪ್ಯಾಕೆಟಿನ ಒದ್ದೆ ಟಿಶ್ಯೂ ನಾಲ್ಕು, ಯಾರೂ ಕೇಳದೆ ಬಂದು ಕೂರ್ತದೆ. ಅಪ್ಪ ಪಾಪ, ಮರ್ಯಾದೆಗೆ ಕೊಟ್ಟದ್ದು ಅಂದುಕೊಂಡು, "ಇವರು ಒಳ್ಳೆ ಜನ ಕಾಣ್ತದೆ" ಅಂತ ತಿನ್ನಲಿಕ್ಕೆ ಶುರು ಮಾಡಿದರು. ಆ ಒಳ್ಳೆತನಕ್ಕೆ ಮೂರು ಡಾಲರ್. ಟಿಶ್ಯೂವಿಗೆ ತಲಾ 30 ಸೆಂಟ್. ಬೇಡದಿದ್ದರೆ ವಾಪಸ್ ಕಳಿಸಬೇಕಂತೆ. ಕರೆಯದೆ ಬಂದ ನೆಂಟನನ್ನು ಬಾಗಿಲಿಂದ ಕಳಿಸುವ ಕೆಲಸವೂ ನಮ್ಮದೇ!

ಒಟ್ಟು 134 ಡಾಲರ್ 70 ಸೆಂಟ್. ಅಮ್ಮ ಬಿಲ್ಲು ಕೈಗೆ ತಗೊಂಡು ರೂಪಾಯಿ ಲೆಕ್ಕ ಹಾಕಿದರು. ಬಂದ ದಿನದಿಂದ ಅವರಿಗೆ ಅದೊಂದು ಚಟ. ಬರೀ ಮೀನಿಗೇ ಐದು ಸಾವಿರದ ಮೇಲೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಾವು ಬಿಟ್ಟಿದ್ದ ಮೀನಿನ ತಲೆಯನ್ನು ತನ್ನ ತಟ್ಟೆಗೆ ಎಳಕೊಂಡು, ಕೆನ್ನೆಯ ಮಾಂಸ, ಕಣ್ಣಿನ ಸುತ್ತಲಿನದ್ದು, ಎಲುಬಿನ ಸಂದಿಯದ್ದು ಎಲ್ಲ ಬೆರಳಲ್ಲಿ ತೆಗೆದು ತೆಗೆದು ತಿಂದರು. ಪಕ್ಕದ ಮೇಜಿನ ಚೀನೀ ಅಜ್ಜಿಯೊಬ್ಬರು ಅದನ್ನು ನೋಡಿ ಹೆಬ್ಬೆರಳು ಎತ್ತಿ ತೋರಿಸಿದರು. ಅಜ್ಜಿಗೆ ಬಿಲ್ಲಿನ ವಿಷಯ ಗೊತ್ತಿಲ್ಲ.

ನಾನು ಸಿಟ್ಟಲ್ಲಿ ಮೆನು ಕೆರೀತಾ ಕೂತಿದ್ದೆ. ತೋಫುವಿನ ಕ್ರಯದ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿದ್ದರು, 14. ಉಗುರಿನಿಂದ ಎಬ್ಬಿಸಿದೆ, ಅಡಿಯಲ್ಲಿ ಇನ್ನೊಂದು ಸ್ಟಿಕ್ಕರ್, 12. ಅದರಡಿ ಅಚ್ಚಾದದ್ದು 10. ಎರಡು ಸಲ ಕ್ರಯ ಏರಿಸಿದ್ದಾರೆ, ಎರಡು ಸಲವೂ ಕತ್ತರಿಸಿ, ಬರೆದು, ನೆಟ್ಟಗೆ ಅಂಟಿಸಿದ್ದಾರೆ. ಬೇರೆ ಪುಟಗಳಲ್ಲೂ ಅದೇ. ಅಂದ್ರೆ ಸ್ಟಿಕ್ಕರ್ ಉಂಟು, ಪೆನ್ನು ಉಂಟು, ಅಂಟಿಸುವ ಕೈಯೂ ಉಂಟು. ಮೀನಿನ ಎದುರಿಗೆ ಬರುವಾಗ ಮಾತ್ರ ಅಂಟು ಮುಗಿದು ಹೋಗ್ತದಾ? ದಿನಾ ಬದಲಾಗ್ತದೆ ಅಂತಾದ್ರೆ ಒಂದು ಕಪ್ಪು ಹಲಗೆ, ಒಂದು ಸೀಮೆಸುಣ್ಣ ಸಾಕಲ್ಲ.

ದುಡ್ಡು ಕೊಟ್ಟು ಏಳುವಾಗ ಅಮ್ಮ ಮೇಜಿನ ಮೇಲಿದ್ದ ಎರಡು ಒಡೆಯದ ಟಿಶ್ಯೂ ಪ್ಯಾಕೆಟ್ ಎತ್ತಿ ನನ್ನ ಕೈಗೆ ಕೊಟ್ಟರು. "ಇದು ವಾಪಸ್ ತಗೊಳ್ತಾರಾ ಕೇಳು."

ನಾಚಿಕೆ ಬಿಟ್ಟು ಹೋಗಿ ಕೇಳಿದೆ. ಆಂಟಿ ಒಂದು ಮಾತೂ ಆಡದೆ 60 ಸೆಂಟ್ ಎಣಿಸಿ ಕೊಟ್ಟರು.