ಇದು ‘ಫಿಲ್ಲರ್’ ಎಪಿಸೋಡ್ ಅಲ್ಲ ಸಾರ್

ವಿಚಿತ್ರ ಕೇಸುಗಳ ಬೆನ್ನು ಹತ್ತುವ ಎಫ್‌ಬಿಐ ಏಜೆಂಟರ ಅಮೆರಿಕನ್ ಟಿವಿ ಸರಣಿ ‘ದಿ ಎಕ್ಸ್-ಫೈಲ್ಸ್’ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ ‘ಕ್ಲೈಡ್ ಬ್ರಕ್‌ಮನ್ಸ್ ಫೈನಲ್ ರಿಪೋಸ್’ ಎಪಿಸೋಡನ್ನು ‘ಸರ್ಕಾರದ ಪಿತೂರಿಯ ಮುಖ್ಯ ಕಥೆಗೆ ಸಂಬಂಧವಿಲ್ಲ, ಬಿಟ್ಟರೂ ನಡೆಯುವ ಫಿಲ್ಲರ್’ ಅಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ.

1995ರ ಅಕ್ಟೋಬರ್‌ನಲ್ಲಿ ಬಂದ ಮೂರನೇ ಸೀಸನ್ನಿನ ನಾಲ್ಕನೇ ಕಂತು ಇದು. ಬ್ರಕ್‌ಮನ್ ಜೀವವಿಮೆ ಮಾರುವ ವಯಸ್ಸಾದ ಮನುಷ್ಯ. ಎದುರಿಗಿರುವವರು ಹೇಗೆ ಸಾಯುತ್ತಾರೆ ಅಂತ ಅವನಿಗೆ ಮೊದಲೇ ಗೊತ್ತಾಗಿಬಿಡುತ್ತೆ. ಅಂಥವನ ಕೈಯಲ್ಲಿ ಪಾಲಿಸಿ ಮಾರಿಸೋದು! ಆ ಒಂದು ಐಡಿಯಾಗೇ ನಾನು ಶರಣು. ಲಾಟರಿ ನಂಬರ್ ಮಾತ್ರ ಅವನಿಗೆ ಗೊತ್ತಾಗಲ್ಲ, ಪಾಪ.

ಅವನ ನೆರವಿನಿಂದ ಏಜೆಂಟರು ಒಬ್ಬ ಕೊಲೆಗಾರನನ್ನು ಹಿಡಿಯಲು ಹೊರಡುವ ಭಾಗ ಸಾಧಾರಣ, ಬಿಡಿ. ಏಜೆಂಟ್ ಸ್ಕಲಿ ಅವನನ್ನು ‘ನಾನು ಹೇಗೆ ಸಾಯ್ತೀನಿ’ ಅಂತ ಕೇಳ್ತಾಳಲ್ಲ, ಆ ದೃಶ್ಯ ನೋಡಿ. ‘ನೀನು ಸಾಯಲ್ಲ’ ಅಂತಾನೆ, ಅಷ್ಟೇ. ತಮಾಷೆಯೋ, ಸಮಾಧಾನವೋ, ನಿಜವೋ, ಇವತ್ತಿಗೂ ಅಭಿಮಾನಿಗಳು ಜಗಳ ಆಡ್ತಾರೆ. ಕೊನೆಯಲ್ಲಿ ಅವನ ಕೈ ಹಿಡಿದು ಅವಳು ಕೂತಿರೋದು ನೋಡಿದರೆ ಗಂಟಲು ಕಟ್ಟುತ್ತೆ.

ಬರೆದ ಡೇರಿನ್ ಮಾರ್ಗನ್‌ಗೂ ಬ್ರಕ್‌ಮನ್ ಆಗಿದ್ದ ಪೀಟರ್ ಬಾಯ್ಲ್‌ಗೂ 1996ರಲ್ಲಿ ಟಿವಿಯ ದೊಡ್ಡ ಪ್ರಶಸ್ತಿ ಎಮ್ಮಿ ಸಿಕ್ಕಿದ್ದು ಸುಮ್ನೆ ಅಲ್ಲ. ಏಲಿಯನ್‌ಗಳ ವಿಷಯ ಮುಚ್ಚಿಡುವ ಆ ಸರ್ಕಾರಿ ಪಿತೂರಿಯ ಎಳೆ ಆಮೇಲೆ ಎಷ್ಟು ಗೋಜಲಾಯಿತು ಅಂತ ನಿಮಗೂ ಗೊತ್ತು. ಈ ಕಂತನ್ನು ಹಿಂದಿನದೇನೂ ನೋಡದೆ ಇವತ್ತೇ ನೋಡಬಹುದು. ನನ್ನ ತಂಗಿಗೆ ಮೊದಲು ತೋರಿಸಿದ್ದೂ ಇದನ್ನೇ.