ಮಂಡಕ್ಕಿಯ ಭಾರ

ದಾವಣಗೆರೆಯಲ್ಲಿ ಮಂಡಕ್ಕಿಗಿಂತ ಹಗುರವಾದ ಪದಾರ್ಥವಿಲ್ಲ. ಆದರೆ ಅದೇ ಹೆಸರಿನ ನನ್ನ ಕುದುರೆಯನ್ನು ನಾಲ್ಕು ಸುತ್ತು ಓಡಿಸಿ ಇಳಿದರೆ, ತುಂಬಿದ ಎರಡು ಕೊಡ ಹೊತ್ತು ಮೂರು ಮಹಡಿ ಹತ್ತಿದಂತೆ ತೋಳುಗಳು ಸೇದುತ್ತವೆ. ಅದು ಹಾರುವುದೇನೋ ಹಾರುತ್ತದೆ, ಆದರೆ ತಲೆಯ ಭಾರವನ್ನೆಲ್ಲ ಲಗಾಮಿನ ಮೇಲೆ ಹೇರಿ, ಮುಂಗಾಲಿನಿಂದ ಅಡ್ಡಗಂಬವನ್ನು ಕೆಡವಿಕೊಂಡೇ ಆಚೆ ಇಳಿಯುತ್ತದೆ.

ಸೈನ್ಯದ ಕುದುರೆ ದಳದಿಂದ ನಿವೃತ್ತರಾಗಿ ಬಂದ ದಫೇದಾರರೊಬ್ಬರು ಕಾರಣ ಹೇಳಿದರು. ನಿಂತ ಕುದುರೆಯ ತೂಕದಲ್ಲಿ ಸುಮಾರು ಶೇ. 60ರಷ್ಟು ಮುಂಗಾಲುಗಳ ಮೇಲೆಯೇ ಇರುತ್ತದೆ; ಹಿಂಗಾಲುಗಳು ಹೊಟ್ಟೆಯಡಿಗೆ ಬಂದು ಭಾರ ಹೊತ್ತರೆ ಮಾತ್ರ ಹೆಗಲು ಮೇಲೇಳುತ್ತದೆ. ಅದಕ್ಕಾಗಿ ಟ್ರಾಟ್ ಎಂಬ ಕುಲುಕು ಓಟದಿಂದ ನಿಲುಗಡೆ, ಎರಡು ಹೆಜ್ಜೆ ಹಿಂದಕ್ಕೆ, ಮತ್ತೆ ಟ್ರಾಟ್ ಎಂದು ಗತಿ ಬದಲಿಸುತ್ತಿರಬೇಕು. ನಡುನಡುವೆ ಹಾಫ್ ಹಾಲ್ಟ್, ಅಂದರೆ ನೆಟ್ಟಗೆ ಕುಳಿತು, ಕಾಲೊತ್ತಿ, ಬೆರಳುಗಳನ್ನು ಒಂದು ಕ್ಷಣ ಬಿಗಿದು, ಕೂಡಲೇ ಸಡಿಲಿಸಬೇಕು. ಈ ಸಡಿಲಿಸುವುದೇ ನನಗೆ ಬಾರದ ವಿದ್ಯೆ. ಬಸ್ಸಿನಲ್ಲಿ ಪಕ್ಕದವರ ಹೆಗಲು ಅಲುಗಾಡದಿದ್ದರೆ ಚಿತ್ರದುರ್ಗದಿಂದ ದಾವಣಗೆರೆಯವರೆಗೂ ಅದಕ್ಕೇ ಒರಗಿ ನಿದ್ದೆ ತೆಗೆಯುವವರಂತೆ, ಮಂಡಕ್ಕಿಯು ನಾನು ಬಿಗಿಹಿಡಿದ ಲಗಾಮಿಗೆ ಒರಗುತ್ತಿತ್ತು.

ಮುಂದಿನದು ನೆಲದ ಮೇಲೆ ಸಾಲಾಗಿ ಮಲಗಿಸಿದ ಕಂಬಗಳನ್ನು ಕುದುರೆಯಿಂದ ದಾಟಿಸುವ ಅಭ್ಯಾಸ. ಟ್ರಾಟ್‌ಗೆ ಕಂಬದಿಂದ ಕಂಬಕ್ಕೆ ಸುಮಾರು 4.5 ಅಡಿ ಇರಲಿ, ಉರುಳದಂತೆ ಎರಡೂ ತುದಿಗೆ ಮಣ್ಣು ಒತ್ತರಿಸಿರಿ ಎಂದು ದಫೇದಾರರು ಹೇಳಿ ಹೋದರು. ಚನ್ನಗಿರಿಯಿಂದ ತರಿಸಿದ ಅಡಿಕೆ ಮರದ ಕಂಬಗಳನ್ನು, ಅಡಿ ಎಂದರೆ ಪಾದವೇ ತಾನೇ ಎಂದುಕೊಂಡು, ನನ್ನ ಬೂಟಿನಿಂದಲೇ ಅಳೆದು ಜೋಡಿಸಿದೆ. ಮಣ್ಣಿನ ಮಾತು ಮರೆತೇಹೋಯಿತು. ಮೂರನೆಯ ಕಂಬದ ಮೇಲೆ ಮಂಡಕ್ಕಿಯ ಗೊರಸು ಬಿತ್ತು, ಕಂಬ ಉರುಳಿತು, ಕುದುರೆ ಮೂಗು ತಗ್ಗಿಸಿತು, ಲಗಾಮನ್ನು ಬಿಡದ ನಾನು ಅದರ ಕತ್ತಿನ ಮೇಲಿಂದ ಜಾರಿ ಕೆಂಪು ಮಣ್ಣಿನಲ್ಲಿ ಕುಳಿತೆ. ನನ್ನ 86 ಕಿಲೋ ಇಳಿದ ಕೂಡಲೇ ಅದು ಉಳಿದ ಕಂಬಗಳನ್ನು ಒಂದನ್ನೂ ಮುಟ್ಟದೆ ದಾಟಿತು. ಮನೆಯಲ್ಲಿ ಅಂದಿನಿಂದ ಬೆಣ್ಣೆ ದೋಸೆಗೆ ಬೆಣ್ಣೆ ಬೀಳುವುದು ನಿಂತಿದೆ. ಅದನ್ನು ದೋಸೆ ಎನ್ನಲು ನನಗೆ ಮನಸ್ಸಿಲ್ಲ.

ಕಂಬಗಳನ್ನು ಟೇಪು ಹಿಡಿದು ಮತ್ತೆ ಜೋಡಿಸಿದ ಮೂರನೆಯ ವಾರ, ಒಂದು ಮುಂಜಾನೆ ಬೆರಳು ಸಡಿಲಿಸಿದಾಗ ಲಗಾಮು ನಿಜಕ್ಕೂ ಹಗುರವಾಯಿತು, ಹೆಜ್ಜೆಗಳು ಮೇಲೆದ್ದವು. "ಬಂತು ಸರ್, ಬಂತು!" ಎಂದು ಕೂಗುವ ಸಂಭ್ರಮದಲ್ಲಿ ಲಗಾಮನ್ನು ಮತ್ತೆ ಎರಡೂ ಕೈಗಳಿಂದ ಜಗ್ಗಿ ಹಿಡಿದೆ. ಮಂಡಕ್ಕಿ ಒರಗಿಕೊಂಡಿತು. ದಫೇದಾರರು ಏನೂ ಹೇಳದೆ, ಬಗ್ಗಿ, ಸರಿದ ಕಂಬಕ್ಕೆ ಮಣ್ಣು ಒತ್ತರಿಸತೊಡಗಿದರು.