ಹಂಡೆ ಸಮೇತ

ಬೆಳಗಿನ ಕಾಫಿ ಆರುವ ಮೊದಲೇ ಅದೇ ಜಾಹೀರಾತು ಮೂರನೇ ಸಲ ವಾಟ್ಸಾಪಿಗೆ ಬಂದು ಬಿತ್ತು. 'ತೀರ್ಥಹಳ್ಳಿ ಸಮೀಪ ತುಂಗಾ ತೀರದಲ್ಲಿ ಐತಿಹಾಸಿಕ ಚೌಕಿಮನೆ ಮಾರಾಟಕ್ಕಿದೆ. ರಿವರ್ ವ್ಯೂ.' ಫೋಟೊ ದೊಡ್ಡದು ಮಾಡಿ ನೋಡಿದರೆ ನಮ್ಮ ದೊಡ್ಡಪ್ಪನ ಮನೆ! ಸುದ್ದಿ ನೆಂಟರ ಬಾಯಿಂದ ಬಾರದೆ ದಲ್ಲಾಳಿಯ ಮೊಬೈಲಿನಿಂದ ಬಂತಲ್ಲ ಎಂಬ ಉರಿ ಒಂದು ಕಡೆ, ಈ ರಿವರ್ ವ್ಯೂ ಇನ್ನೊಂದು ಕಡೆ. ಆ ಮನೆ ಕಟ್ಟಿದವರಿಗೆ ಹೊಳೆ ನೋಡುವ ಚಟ ಇರಲಿಲ್ಲ. ಹೊಳೆಗೆ ಮುಖ ಮಾಡಿದ್ದು ಕೊಟ್ಟಿಗೆ ಮತ್ತು ಬಚ್ಚಲು. ಮಳೆಗಾಲದಲ್ಲಿ ಪೇಟೆಯಿಂದ ಬಂದವರನ್ನು 'ರಾಮಮಂಟಪ ಮುಳುಗ್ತಾ?' ಎಂದು ಹೊಳೆ ನಡುವಿನ ಮಂಟಪದ ಬಗ್ಗೆ ಕೇಳಿದರೆ ಹೊಳೆಯ ವಿಚಾರ ಮುಗಿಯಿತು.

ಐತಿಹಾಸಿಕ ಎಂಬುದಕ್ಕೆ ನನ್ನ ತಕರಾರಿಲ್ಲ. 1974ರಲ್ಲಿ ಗೇಣಿ ಜಮೀನು ಉಳುವವರ ಪಾಲಾಯಿತು, ಆಗಬೇಕಾದ್ದೇ. ನಮಗೆ ಉಳಿದದ್ದು ಹೆಂಚು, ಕಂಬ ಮತ್ತು ಸ್ವಲ್ಪ ಗತ್ತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದಮೇಲೆ ಕೃಷಿಕರಲ್ಲದವರೂ ತೋಟ ಕೊಳ್ಳಬಹುದು. ಗತ್ತಿಗೂ ಗಿರಾಕಿ ಹುಟ್ಟಿದ್ದು ಆಮೇಲೆ.

ನನ್ನ ತಕರಾರು ಹಂಡೆಯದು.

ಹಿಸ್ಸೆಯಾದಾಗ ಮನೆ ದೊಡ್ಡಪ್ಪನಿಗೆ, ಬಚ್ಚಲಿನ ತಾಮ್ರದ ಹಂಡೆ ಚಿಕ್ಕಪ್ಪನಿಗೆ ಎಂದು ಪಂಚಾಯ್ತರು ಬರೆದರು. ಒಯ್ಯಲು ಚಿಕ್ಕಪ್ಪ ಗಾಡಿ ಕಟ್ಟಿಸಿಕೊಂಡು ಬಂದ. ಹಂಡೆ ಬಾಗಿಲಲ್ಲಿ ಹಿಡಿಸಲಿಲ್ಲ! ಮೊದಲು ಒಲೆಯ ಮೇಲೆ ಹಂಡೆ ಕೂರಿಸಿ, ಆಮೇಲೆ ಸುತ್ತ ಗೋಡೆ ಎಬ್ಬಿಸಿದ್ದರಂತೆ. ಗೋಡೆ ಒಡೆಯೋಣ ಎಂದ ಚಿಕ್ಕಪ್ಪ. ಗೋಡೆ ನನ್ನ ಪಾಲಿನದು ಎಂದ ದೊಡ್ಡಪ್ಪ. ಹಂಗಾದ್ರೆ ಹಂಡೆ ಕತ್ತರಿಸಿ ಒಯ್ಯಿ ಎಂದಳು ದೊಡ್ಡಮ್ಮ. ಆಕೆಯ ಮಾತೇ ಹಾಗೆ. ಚಿಕ್ಕಪ್ಪ ಖಾಲಿ ಗಾಡಿಯಲ್ಲಿ ವಾಪಸು ಹೋದ. ಆದರೆ ಸೋಲಲಿಲ್ಲ. ಆ ವರ್ಷದಿಂದ ಪ್ರತಿ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹೆಂಡತಿ ಮಕ್ಕಳೊಂದಿಗೆ ಹಾಜರಾಗಿ, ತಾನೇ ಹಂಡೆ ಬೆಳಗಿ, ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಬಾವಿಯಿಂದ ಸೇದಿ ತುಂಬಿಸುತ್ತಿದ್ದ. ಬೆಳಗಿನ ಜಾವ ತನ್ನ ಹಂಡೆಯಲ್ಲಿ ತಾನು ಮೊದಲು ಮಿಂದು, 'ಅಣ್ಣಯ್ಯ, ಇನ್ನು ನೀವೂ ಮೀಯಬಹುದು' ಎಂದು ದೊಡ್ಡ ಮನಸ್ಸಿನಿಂದ ಅಪ್ಪಣೆ ಕೊಡುತ್ತಿದ್ದ. ವರ್ಷವಿಡೀ ಅದೇ ಹಂಡೆಯ ನೀರು ಮೀಯುವ ದೊಡ್ಡಪ್ಪ ಅವತ್ತೊಂದು ದಿನ ಮಾತ್ರ ಹಠಕ್ಕೆ ಬಿದ್ದು ಹೊಳೆಗೆ ಹೋಗುತ್ತಿದ್ದ. ಆ ಮನೆಯವರಿಗೆ ರಿವರ್ ವ್ಯೂ ಸಿಕ್ಕಿದ್ದಿದ್ದರೆ ಆಗ ಮಾತ್ರ, ಅದೂ ಚಳಿಯಲ್ಲಿ ನಡುಗುತ್ತ.

ಇಬ್ಬರೂ ಈಗಿಲ್ಲ. ಚಿಕ್ಕಪ್ಪನ ಮಕ್ಕಳು ಪದ್ಧತಿ ಬಿಟ್ಟಿಲ್ಲ.

ಹಳೆಯ ಮನೆ ಕೈಬಿಟ್ಟುಹೋಗುವಾಗ ಮನಸ್ಸಿಗೆ ಏನಾಗುತ್ತದೆ ಎಂದು ಬರೆಯಲು ಕೂತವನು ದಲ್ಲಾಳಿಗೆ ಫೋನು ಮಾಡಿದೆ. 'ಹಂಡೆಯೂ ಸೇರಿ ಮಾರ್ತಿದೀರಾ?'

'ಹೌದು ಸಾರ್. ಗಿಡ ಇಡೋಕೆ ಚೆನ್ನಾಗಿರುತ್ತೆ.'

ಗಿಡ! 'ನೋಡಿ, ಹಂಡೆ ಬೇರೆಯವರದು. ವರ್ಷಕ್ಕೊಮ್ಮೆ ಸ್ನಾನಕ್ಕೆ ಬರ್ತಾರೆ. ಅದನ್ನೂ ಜಾಹೀರಾತಿನಲ್ಲಿ ಹಾಕಿ.'

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ ಕೇಳಿದ: 'ಎಷ್ಟು ಜನ ಸಾರ್?'